ಹೂಡು

ಶನಿವಾರ ಎರಡೂವರೆಗೆ, ಪಾಲಿಟೆಕ್ನಿಕ್ಕಿನ ಹಳೆಯ ವೆಲ್ಡಿಂಗ್ ಶೆಡ್ಡಿನಲ್ಲಿ
ಹದಿಮೂರು ಮಕ್ಕಳಿಗೆ ಕಂಪನಿ ಕಟ್ಟುವುದನ್ನು ಕಲಿಸುತ್ತೇನೆ.
ಗಂಟೆಗೆ ನಾನೂರು ರೂಪಾಯಿ, ಚಹಾ ಬೇರೆ.
ಬೈತಖೋಲದ ಕಡೆಯಿಂದ ಗಾಳಿ ಬೀಸಿದರೆ
ಬೋರ್ಡಿನ ಮೇಲಿನ ಮಾರುಕಟ್ಟೆ ಎಂಬ ಪದಕ್ಕೆ
ತಾರ್ಲೆಯ ವಾಸನೆ ಹತ್ತುತ್ತದೆ.

ಮೊದಲ ದಿನ ಬರೆದದ್ದು ಒಂದೇ ಪದ: ಹೂಡು.
ಏನೇನು ಹೂಡುತ್ತಾರೆ, ಹೇಳಿ.
ಎತ್ತು, ಎಂದ ಹೊನ್ನಪ್ಪ ಗೌಡ.
ಒಲೆ, ಎಂದಳು ತೃಪ್ತಿ ದುರ್ಗೇಕರ.
ಬಾಣ. ಸಂಚು. ಸಂಸಾರ.
ಹಿಂದಿನ ಬೆಂಚಿನಲ್ಲಿ ನಗು.
ಕೊನೆಗೆ ಸುಹೇಲ್, ಹಣ ಸರ್, ಎಂದ
ಪರೀಕ್ಷೆಯ ಉತ್ತರದ ಹಾಗೆ.
ಇನ್ನೊಂದು ಬಿಟ್ಟಿರಿ, ಎಂದೆ. ಯಾವುದೆಂದು ಹೇಳಲಿಲ್ಲ.

ದಾವೆ.
ಅಂಕೋಲೆಯಲ್ಲಿ ನನ್ನದೊಂದು ಮುರುಗಲು ಶರಬತ್ತಿನ ಘಟಕವಿತ್ತು.
ನಾಲ್ಕು ಸಾವಿರ ಬಾಟಲಿ, ಲೇಬಲ್ಲಿನಲ್ಲಿ ಮಗಳ ನಗುಮುಖ.
ಮೇ ತಿಂಗಳ ಒಂದು ರಾತ್ರಿ
ಒಂದೊಂದೇ ಮುಚ್ಚಳ ಹಾರತೊಡಗಿ
ಯಾರದೋ ಮದುವೆ ದಿಬ್ಬಣವೆಂದು ಅಕ್ಕಪಕ್ಕದವರು ದೀಪ ಹಾಕಿದರು.
ಬೆಳಿಗ್ಗೆ ಗೋಡೆಯೆಲ್ಲ ಕೆಂಪು.
ಬ್ಯಾಂಕು ಹೂಡಿದ್ದು ಆಮೇಲೆ.

ಇದು ಪಾಠದಲ್ಲಿಲ್ಲ. ಪಾಠದಲ್ಲಿರುವುದು:
ಇಪ್ಪತ್ತು ಜನರನ್ನು ಕೇಳಿ, ಅನಂತರ ತಯಾರಿಸಿ.

ತೃಪ್ತಿ ತಂದದ್ದು ಐಸು ಕರಗದ ಮೀನುಬುಟ್ಟಿಯ ನಕ್ಷೆ.
ನೀಲಿ ಪೆನ್ನು, ಕೆಂಪು ಗೆರೆ, ಮೂರು ಪದರ ಥರ್ಮೋಕೋಲು.
ಚಂದವಿತ್ತು. ಹೋಗು, ಕೇಳು, ಎಂದೆ.
ಪೇಟೆಯಲ್ಲಿ ಮೊದಲು ಸಿಕ್ಕಿದ್ದು ಸ್ವಂತ ಅತ್ತೆ, ರುಕ್ಮಾಬಾಯಿ.
"ಐಸು ಕರಗಲಿ ಮಗಾ, ಅದರ ಕೆಲಸ ಅದು.
ಕರಗಿದ ನೀರು ಬಸ್ಸಿನಲ್ಲಿ ಸೋರ್ತದಲ್ಲ,
ಕದ್ರಾ ಬಸ್ಸಿನ ಕಂಡಕ್ಟರು ಬುಟ್ಟಿ ಕಂಡ ಕೂಡ್ಲೆ ಸೀಟಿ ಊದ್ತಾನೆ.
ಆರು ಮೈಲು ನಡೆದ ಬಂಗಡೆಗೆ
ಯಾರು ಬೆಲೆ ಕೊಡ್ತಾರೆ?"

ಉಳಿದ ಹತ್ತೊಂಬತ್ತು ಜನರೂ ಅದನ್ನೇ ಹೇಳಿದರು,
ಒಬ್ಬಳು ಬೈದು ಹೇಳಿದಳು.

ತೃಪ್ತಿ ನಕ್ಷೆಯನ್ನು ಹರಿಯಲಿಲ್ಲ.
ಮಗುಚಿ ಹಾಕಿ ಹಿಂಬದಿಯಲ್ಲಿ ಬರೆದಳು:
ಸೋರಬಾರದು.

ಹೊನ್ನಪ್ಪ ತಳಕ್ಕೊಂದು ತಟ್ಟೆ ಬೆಸೆದ,
ಸುಹೇಲ್ ಅಣ್ಣನ ಟೈರಂಗಡಿಯಿಂದ
ಹಳೆ ಟ್ಯೂಬಿನ ಪಟ್ಟಿ ತಂದು ಅಂಚಿಗೆ ಕೂರಿಸಿದ.
ಮೊದಲನೆಯದು ಸೋರಿತು.
ಎರಡನೆಯದು ಸೋರಲಿಲ್ಲ, ಖಾಲಿ ಬುಟ್ಟಿಯೇ ಆರು ಕಿಲೋ ತೂಗಿತು.
ಮೂರನೆಯದನ್ನು ವಾರವಿಡೀ ಇಟ್ಟುಕೊಂಡು
ರುಕ್ಮಾಬಾಯಿ ಹೇಳಿ ಕಳಿಸಿದಳು:
ಮುಚ್ಚಳ ಗಟ್ಟಿ ಮಾಡಿ, ನಾನು ಕೂರುವುದು ಅದರ ಮೇಲೆ.

ಹುಬ್ಬಳ್ಳಿಯಿಂದ ಬಂದ ತೀರ್ಪುಗಾರರು ಕೇಳಿದರು:
ಐದು ವರ್ಷದಲ್ಲಿ ಎಲ್ಲಿರುತ್ತೀರಿ?
ತೃಪ್ತಿ ಕಿಟಕಿಯತ್ತ ನೋಡಿ, ತುಟಿಯಲ್ಲೇ ಏನೋ ಎಣಿಸಿ,
"ಕುಮಟೆ ತನಕ ಹೋಗಿರ್ತೇವೆ ಸರ್."
ಅವರು ನಕ್ಕರು.
ಕುಮಟೆಯ ತನಕ ಎಷ್ಟು ನಿಲ್ದಾಣ, ಎಷ್ಟು ತಲೆ, ಎಷ್ಟು ಬುಟ್ಟಿ
ಎಲ್ಲ ಅವಳ ನೋಟುಬುಕ್ಕಿನಲ್ಲಿತ್ತು, ಯಾರೂ ತೆರೆಯಲಿಲ್ಲ.
ಬಹುಮಾನ ಡ್ರೋನಿಗೆ ಹೋಯಿತು.

ಶೆಡ್ಡಿಗೆ ಬೀಗ ಹಾಕುವಾಗ ಕೇಳಿದಳು:
ಸರ್, ಅವತ್ತು ಬಿಟ್ಟ ಪದ ಯಾವುದು?
ಹೇಳಿದೆ. ಬಾಟಲಿ, ಮುಚ್ಚಳ, ಗೋಡೆ, ಕೋರ್ಟು.
ಯಾರೂ ಸಮಾಧಾನ ಹೇಳಲಿಲ್ಲ. ಹೊನ್ನಪ್ಪ ಮಾತ್ರ,
"ತುಂಬಿಸುವ ಮುಂಚೆ ಎಷ್ಟು ಜನರನ್ನು ಕೇಳಿದ್ರಿ?"
ಸೊನ್ನೆ, ಎಂದೆ.
ಬರೆದುಕೊಂಡ.

ಸೋಮವಾರ ಆರೂ ಇಪ್ಪತ್ತರ ಕದ್ರಾ ಬಸ್ಸಿಗೆ ನಾನೂ ಹತ್ತಿದೆ.
ಕಂಡಕ್ಟರು ಬಗ್ಗಿದ. ಬುಟ್ಟಿಯ ಅಡಿ ಬೆರಳಾಡಿಸಿದ, ಮೂಸಿದ.
ಒಣಗಿತ್ತು.
ಸೀಟಿ ಬಾಯಿಯವರೆಗೆ ಹೋಗಿ ಕೆಳಗಿಳಿಯಿತು.
ಆಮೇಲೆ ಮಿಷನ್ನು ಒತ್ತಿದ:
ರುಕ್ಮಾಬಾಯಿಗೆ ಸೊನ್ನೆಯ ಟಿಕೇಟು,
ಬುಟ್ಟಿಗೆ ಹದಿನೆಂಟು ರೂಪಾಯಿ.

ಪಕ್ಕದಲ್ಲಿ ಕಾಳಿಗೆ ಭರತಿ ಏರುತ್ತಿತ್ತು.
ಹೊಸ ಮುಚ್ಚಳದ ಮೇಲೆ ಗಟ್ಟಿಯಾಗಿ ಕೂತು
ಆ ಚೀಟಿಯನ್ನು ನನ್ನ ಕಡೆ ಚಾಚಿದಳು:
"ತಕ್ಕೊಳ್ಳಿ ಮಾಸ್ತರೇ, ಬೋರ್ಡಿನ ಮೇಲೆ ಇದನ್ನೂ ಬರೀರಿ.
ದಿನಕ್ಕೆ ಹದಿನೆಂಟು.
ಇದು ಯಾರ ಲೆಕ್ಕಕ್ಕೆ?"