ಏಳನೇ ಮೆಟ್ಟಿಲು

ಅವೆನ್ಯೂ ರಸ್ತೆಯಿಂದ ಹದಿನಾಲ್ಕು ಮೆಟ್ಟಿಲು ಕೆಳಗೆ
ನಮ್ಮ ಬೈಂಡಿಂಗ್ ಅಂಗಡಿ.
ಮೈದಾ ಅಂಟು, ಅದರಲ್ಲಿ ಚಿಟಿಕೆ ಮೈಲುತುತ್ತ.
ಸಿಗ್ನಲ್ಲು ಇಲ್ಲಿಗೆ ಇಳಿಯುವುದಿಲ್ಲ,
ಬಿಸಿಲೂ ಇಳಿದದ್ದಿಲ್ಲ.

ಮೇಲಿನ ಸೀರೆ ಅಂಗಡಿಯ ಚಂಪಾಲಾಲರು
ವೈಫೈ ಪಾಸ್‌ವರ್ಡು ಕೊಟ್ಟದ್ದು ದೀಪಾವಳಿಯ ಹಿಂದಿನ ದಿನ,
ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಹೊತ್ತಿಗೆ ಸರಿಯಾಗಿ ಮುಗಿಸಿದ್ದಕ್ಕೆ.
'ನಿಮಗೊಬ್ಬರಿಗೆ ಮಾತ್ರ' ಎಂದು ಬೆರಳೆತ್ತಿ.

ಅದು ಏಳನೇ ಮೆಟ್ಟಿಲವರೆಗೆ ಬರುತ್ತದೆ.
ಎಂಟಕ್ಕೆ ಕಾಲಿಟ್ಟರೆ ಇಲ್ಲ.
ಹಾಗಾಗಿ ನನ್ನ ಫೋನು ಅಲ್ಲೇ ಕೂರುತ್ತದೆ
ರದ್ದಿ ರಟ್ಟಿನ ಮೇಲೆ, ಗೋಡೆಗೊರಗಿ,
ಯಾರೂ ತುಳಿಯದಂತೆ ಸುತ್ತ ಸೀಮೆಸುಣ್ಣದ ಗೆರೆ.
ಮೇಲಿನದನ್ನು ಕೇಳಿಸಿಕೊಂಡು ಕೆಳಗೆ ಹೇಳುತ್ತದೆ.
ಇರುವುದು ಒಂದೇ ಉಸಿರು:
ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಿಸದು.
ಅದಕ್ಕೇ ವೇಗ ಅರ್ಧ.

ಆ ಅರ್ಧದಲ್ಲಿ
ನೂರುನ್ನೀಸಾ ಫಾರಮ್ಮು ಮಡಿಚುತ್ತ
ಶಾರ್ಜಾದ ತಂಗಿಯ ಮುಖ ನೋಡುತ್ತಾಳೆ,
ಚೌಕ ಚೌಕವಾಗಿ ಒಡೆದು ಮತ್ತೆ ಕೂಡುವ ಮುಖ.
ಹೊಲಿಗೆಯ ಅಂಥೋಣಿ ಕಾನ್‌ಸ್ಟೇಬಲ್ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುತ್ತ
ಊಟದ ಹೊತ್ತಿನಿಂದ ಕಾಯುತ್ತಿದ್ದಾನೆ.
ಕಟಿಂಗ್ ಮೆಷಿನ್ನಿನ ತಿಪ್ಪಯ್ಯನವರು
ಬರೀ ಸ್ಕೋರು ನೋಡುತ್ತಾರೆ, ಹಾಗಂತ ಹೇಳುತ್ತಾರೆ.

ಮೊನ್ನೆ ಚಂಪಾಲಾಲರು ಇಳಿದು ಬಂದರು.
'ಒಂದು ಫೋನು ನಾಲ್ಕು ಜನರಷ್ಟು ತಿನ್ನುತ್ತಿದೆ.
ಹುಡುಗ ರೂಟರಿನಲ್ಲಿ ನೋಡಿದ, ಕೆಳಗಿನದು
ನಿಮ್ಮ ಹೆಸರೊಂದೇ.'

ನಿಜ. ಮೇಲಿನವರ ಲೆಕ್ಕದಲ್ಲಿ
ನಾವೆಲ್ಲ ಸೇರಿ ಒಬ್ಬ.
ಕೇಳಿದ್ದೆಲ್ಲ ನನ್ನ ಹೆಸರಲ್ಲಿ ಹತ್ತಿ ಹೋಗುತ್ತದೆ,
ಬಂದದ್ದು ಅವರವರ ಕೈಗೇ ಇಳಿಯುತ್ತದೆ.
ಶಾರ್ಜಾದ ತಂಗಿ ಇದುವರೆಗೆ
ತಪ್ಪಿಯೂ ತಿಪ್ಪಯ್ಯನವರ ಕಡೆ ನಕ್ಕಿಲ್ಲ.

'ನನಗೆ ನಿದ್ದೆ ಕಡಿಮೆ ಸೇಠ್‌ಜಿ' ಎಂದೆ.
ಅವರು ಗೆರೆ ನೋಡಿದರು. ಬಗ್ಗಿ ಫೋನು ಮುಟ್ಟಿದರು.
'ಸುಡ್ತಾ ಇದೆಯಲ್ರೀ.'
ಗೆರೆ ತುಳಿಯದೆ ಹತ್ತಿ ಹೋದರು.
ಪಾಸ್‌ವರ್ಡು ಬದಲಾಗಿಲ್ಲ,
ಇವತ್ತಿನವರೆಗೆ.

ರಾತ್ರಿ ಎಂಟೂವರೆಗೆ ಫೋನೆತ್ತಿಕೊಂಡು ಹತ್ತುತ್ತೇನೆ.
ಪರದೆಯಲ್ಲಿ ಮೂರು ಇದ್ದದ್ದು ಎರಡು,
ರಸ್ತೆಯ ಗದ್ದಲ ಕಿವಿಗೆ ಬೀಳುವಾಗ ಒಂದು.
'ಅಣ್ಣಾ, ಒಂದೇ ನಿಮಿಷ!' ಕೆಳಗಿನಿಂದ ಅಂಥೋಣಿ.
ಮೆಜೆಸ್ಟಿಕ್ಕಿನ ಬಸ್ಸು ಹೋದರೆ ಹೋಗಲಿ.
ಇಳಿದು ಬಂದು ಏಳರಲ್ಲಿ ಕೂರುತ್ತೇನೆ
ಗೆರೆಯೊಳಗೆ,
ಬಿಸಿ ಫೋನನ್ನು ಈ ಅಂಗೈಯಿಂದ ಆ ಅಂಗೈಗೆ ಬದಲಿಸುತ್ತ.

ತೊಂಬತ್ತೆಂಟು, ಎನ್ನುತ್ತಾನೆ.