ಎರಡನೆಯ ಕೊಳವೆ

ಬೋಬೋ-ದಿಯುಲಾಸೊ. ಜನವರಿ. ಸಹಾರಾದ ಧೂಳು
ಲ್ಯಾಬಿನ ಕಿಟಕಿಗೂ ನನ್ನ ಹಲ್ಲಿನ ಸಂದಿಗೂ
ಒಂದೇ ರುಚಿ ಹಚ್ಚಿದೆ.
ಒಬ್ಬಳದೇ ಎರಡು ಕೊಳವೆ ನನ್ನ ಮುಂದೆ:
ಒಂದರಲ್ಲಿ ತೋಳಿನ ರಕ್ತ,
ಇನ್ನೊಂದರಲ್ಲಿ ಹತ್ತಿ ಸುತ್ತಿದ ಕಡ್ಡಿ,
ಯಾರೂ ಬಾಯಿಬಿಟ್ಟು ಹೇಳದ ಜಾಗದ ತೇವ.
ಹೆಸರಿಲ್ಲ. ನೂರ ಎಂಬತ್ತಾರು, ಅಷ್ಟೆ.

ರಕ್ತ ಹೇಳಿತು: ಪತ್ತೆಯಾಗಿಲ್ಲ.
ಎಂಟು ವರ್ಷದಿಂದ ಅದನ್ನೇ ಹೇಳುತ್ತಿದೆ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ತಡವರಿಸದೆ.
ಕಡ್ಡಿ ಮಾತ್ರ
ಗಂಟಲು ಸರಿಮಾಡಿಕೊಂಡು
ಇದೆ, ಸ್ವಲ್ಪ, ಅಂದಿತು.

ಯಂತ್ರದ ತಪ್ಪೆಂದು ಮತ್ತೆ ಓಡಿಸಿದೆ.
ನಡುವೆ ಕರೆಂಟು ಹೋಗಿ, ಜನರೇಟರು ಕೆಮ್ಮಿ ಎದ್ದು,
ಮತ್ತದೇ: ಇದೆ. ಸ್ವಲ್ಪ.

ಮದಾಮ್ ಕಂಬಿರೆ ಚೀಟಿ ಓದಿ ಕನ್ನಡಕ ತೆಗೆದಿಟ್ಟರು.
'ಅಲ್ಲಿ ಬೇರೆ ಏನೋ ಸೇರಿಕೊಂಡಿದೆ, ನೋಡು.'
ನೋಡಿದೆ. ಗೊನೊರಿಯಾ.
ಜೋಡಿ ಜೋಡಿಯಾಗಿ, ಒಡೆದ ಬೇಳೆಯ ಹಾಗೆ,
ಬಿಳಿಯ ಕಣಗಳ ಹೊಟ್ಟೆಯೊಳಗೆ ಕೂತಿದ್ದವು.

ಅವರು ಬಿಡಿಸಿ ಹೇಳಿದ್ದು ಹೀಗೆ:
ಉರಿ ಎದ್ದ ಕಡೆಗೆ ಮೈಯ ಕಾವಲುಗಾರರು ಓಡುತ್ತಾರೆ,
ಅವರಲ್ಲೇ ಕೆಲವರ ಮಡಿಲಲ್ಲಿ
ಹಳೆಯ ಕಳ್ಳ ಮಲಗಿದ್ದಾನೆ.
ಗದ್ದಲಕ್ಕೆ ಅವನಿಗೂ ಎಚ್ಚರ.
ಗುಳಿಗೆ ಹೆದ್ದಾರಿ ಕಾಯುತ್ತಿರುವಾಗ
ಹಿತ್ತಲ ಬಾಗಿಲಲ್ಲೊಂದು ನೆರಳು ಸುಳಿಯುತ್ತದೆ.

'ಹಾಗಾದರೆ ಗಂಡನಿಗೆ?' ಅಂದೆ.
'ರಕ್ತ ಹೀಗೇ ಮೌನವಾಗಿರುವ ತನಕ ದಾಟುವುದಿಲ್ಲ.
ನೆರಳು ಕಂಡ ಮಾತ್ರಕ್ಕೆ ಕಳವಾಯಿತು ಅನ್ನಬೇಡ.
ಮಾತ್ರೆ ತಪ್ಪಿದವರ ಮನೆಯಲ್ಲಾದರೆ
ಇದೇ ಬಾಗಿಲು ಅಗಲ.'

ಆಮೇಲೆ, ತಡೆದು:
'ಅವನದು ಪ್ರತಿ ಸಲವೂ ನೆಗೆಟಿವ್.
ಓಣಿಯವರು ಅವನನ್ನು ದೊಡ್ಡ ಮನಸ್ಸಿನವನು ಅಂತಾರೆ,
ಇಂಥವಳ ಜೊತೆ ಬಾಳುತ್ತಾನಲ್ಲ, ಅಂತ.
ಬಾಮಾಕೋ ಲಾರಿಯ ಡ್ರೈವರು.
ಈ ಹೊಸದನ್ನು ತಂದವನು ಅವನೇ. ಒಪ್ಪಿಕೊಂಡ.'

ಒಂದು ಸೂಜಿ ಅವಳಿಗೆ, ಒಂದು ಅವನಿಗೆ.
ಅವಳು ಕೇಳಿದ್ದು ಇಷ್ಟೇ ಅಂತೆ:
'ಎಂಟು ವರ್ಷ, ರಾತ್ರಿಯ ಅಜಾನಿಗೆ ಸರಿಯಾಗಿ,
ಒಂದು ಮಾತ್ರೆಯೂ ತಪ್ಪಿಸಿಲ್ಲ ನಾನು.
ಇವನನ್ನು ಕಾದದ್ದು ನನ್ನ ಗಂಟಲು.
ಇವನು ಏನು ಕಾದ?'

ಭಾನುವಾರ ಮಾರ್ಕೆಟ್ಟಿನಲ್ಲಿ
ಕೊರೊತಿಮಿಯ ಹತ್ತಿರ ಸುಂಬಾಲ ಕೊಳ್ಳುತ್ತೇನೆ.
ನೇರೇ ಮರದ ಬೀಜ: ಹಗಲೂ ರಾತ್ರಿ ಬೇಯಿಸಿ,
ಹುಳಿಬರಿಸಿ, ಉಂಡೆ ಕಟ್ಟಿದ ಕಪ್ಪು;
ವಾಸನೆ ಮೂರು ದಿನ ಜೇಬು ಬಿಡುವುದಿಲ್ಲ.
ಇವಳ ಗಂಡನೂ ಲಾರಿ ಓಡಿಸುತ್ತಾನೆ.
ಈ ಸಾಲಿನಲ್ಲಿ ಕೂತ ಇನ್ನೈದಾರು ಹೆಂಗಸರ ಗಂಡಂದಿರೂ.
ನೂರ ಎಂಬತ್ತಾರು ಇವಳೋ, ಪಕ್ಕದವಳೋ,
ಯಾರೂ ಅಲ್ಲವೋ. ಕೇಳುವ ಹಕ್ಕು ನನಗಿಲ್ಲ. ಒಳ್ಳೆಯದೇ.

ಎಷ್ಟು ಕಟ್ಟಿಗೆ ಬೇಕಾಗುತ್ತೆ ಇದಕ್ಕೆಲ್ಲ, ಅಂದೆ, ಸುಮ್ಮನೆ.
ನಕ್ಕು, ಒಲೆಯ ಬೂದಿ ಕೆದಕಿ ಕೆಂಡ ತೋರಿಸಿದಳು:
'ನಿನ್ನೆಯದು. ಆರಿಲ್ಲ. ಗಾಳಿ ಬಿದ್ದರೆ ಏಳುತ್ತದೆ.
ಹಾಗಂತ ಮನೆ ಸುಟ್ಟಿತಾ?
ಬೂದಿ ದಿನಾ ಮುಚ್ಚಬೇಕು.
ಗಾಳಿ ಯಾವ ಕಿಂಡಿಯಿಂದ ಬರುತ್ತೆ, ಗೊತ್ತಿರಬೇಕು.'
ಅಡುಗೆಯ ಮಾತು. ನಾನು ಚಿಲ್ಲರೆ ಎಣಿಸಿದೆ,
ಎರಡು ಸಲ.

ಮೂರು ವಾರಕ್ಕೆ ಮತ್ತೆ ಎರಡು ಕೊಳವೆ.
ರಕ್ತ ತನ್ನ ಮಗ್ಗಿ ಒಪ್ಪಿಸಿತು.
ಕಡ್ಡಿಯೂ ಈ ಸಲ ಅದೇ ರಾಗ: ಪತ್ತೆಯಾಗಿಲ್ಲ.
ಬರೆದುಕೊಂಡೆ. ತಾರೀಖು ಹಾಕಿದೆ.
ಕೆಳಗಿನ ಗೆರೆ ನೂರ ಎಂಬತ್ತೇಳು, ಅವನದು.
ಬಂದಿಲ್ಲ.
ಲಾರಿ ಬಾಮಾಕೋದಲ್ಲಿದೆಯಂತೆ.