ಅಂಟು ಬೇಡ

ಮನೆಯೊಡೆಯನ ಹಲಗೆ ನೀರು ಕುಡಿದು
ಸಿಂಕಿನ ಬಳಿ ಬನ್ನಿನಂತೆ ಉಬ್ಬಿತ್ತು.
ಫೋನಿನಲ್ಲಿ ಆತ ಅಂದ: ಬೇಕಿದ್ದರೆ ಹಾಕಿಸಿಕೊಳ್ಳಿ,
ದುಡ್ಡು ನಿಮ್ಮದು.

ಆಗಸ್ಟಿನ ಶುಕ್ರವಾರ. ಶಾರ್ಜಾದಾಚೆ ಸಜಾದ ಕಲ್ಲಂಗಳದಲ್ಲಿ
ನಿಲ್ಲಿಸಿಟ್ಟ ಚಪ್ಪಡಿಗಳ ನಡುವೆ ವಾರಿಜ ನಡೆದಳು
ಸೀರೆಯಂಗಡಿಯಲ್ಲಿ ನಡೆದಂತೆ, ಬೆರಳ ತುದಿಯಲ್ಲಿ ಮುಟ್ಟುತ್ತ.
ಮುಟ್ಟಿದ್ದೆಲ್ಲ ಕಾದ ಕಾವಲಿ.
ಇದು ಇಟಲಿಯ ಅಮೃತಶಿಲೆ, ಇದು ಯಂತ್ರ ಒತ್ತಿದ ಕ್ವಾರ್ಟ್ಜ್,
ನಬೀಲ್ ಹೇಳುತ್ತಲೇ ಇದ್ದ. ಅವಳು ಕೇಳಿದ್ದು ಒಂದೇ:
ಒಂದೊಂದು ತುಂಡು ಕೊಡುತ್ತೀರಾ, ಮನೆಗೆ?

ಆ ರಾತ್ರಿ ಬಾಲ್ಕನಿಯಲ್ಲಿ ನಾಲ್ಕು ಬಿಲ್ಲೆಗಳ ಪರೀಕ್ಷೆ.
ಅರಸಿನ ಬಳಿದಳು, ಹುಣಸೆ ಹಿಂಡಿದಳು,
ಬಂಗುಡೆ ಹುರಿದ ಬಾಣಲೆಯನ್ನು ಉರಿಯಿಂದಿಳಿಸಿ
ಒಂದಾದ ಮೇಲೊಂದಕ್ಕೆ ಕುಕ್ಕಿದಳು, ಕನಿಕರವಿಲ್ಲದೆ.

ಬೆಳಿಗ್ಗೆ ಅಮೃತಶಿಲೆಗೆ ಕಾಮಾಲೆ,
ಹುಳಿ ಬಿದ್ದಲ್ಲಿ ಹೊಳಪು ಹೋಗಿ ಪೊರೆ ಬಂದ ಕಣ್ಣು.
ಕ್ವಾರ್ಟ್ಜಿನ ಮೇಲೆ ಬಾಣಲೆಯ ತಳದ ಕಂದು ಬಳೆ.
ಪೋರ್ಸೆಲೇನ್ ಎಲ್ಲವನ್ನೂ ತಡೆದಿತ್ತು,
ತೆಂಗಿನಕಾಯಿ ಕುಟ್ಟಿದ್ದೇ ಮೂಲೆ ಚಕ್ಕೆ ಎದ್ದಿತು.
ಕರಿ ಗ್ರಾನೈಟು ಮಾತ್ರ ಮುಖ ಒರೆಸಿಕೊಂಡು ಕೂತಿತ್ತು,
ಏನಾಯಿತು ಎಂಬಂತೆ.
ಯಾವೂರ ಕಲ್ಲೆಂದು ನಾವು ಕೇಳಲಿಲ್ಲ.
ಆ ಪ್ರಶ್ನೆ ಇಲ್ಲಿ ನಮಗೇ ಸಾಕಷ್ಟು ಸಲ ಬಂದಿದೆ.

ಹದಿನೈದು ವರ್ಷ ಗ್ಯಾರಂಟಿ, ಎಂದ ನಬೀಲ್ ಮೊಹರು ಒತ್ತುತ್ತ.
ನನ್ನ ವೀಸಾ ಎರಡು ವರ್ಷದ್ದು,
ಅದರಲ್ಲೂ ಏಳು ತಿಂಗಳು ತೀರಿದೆ.

ಲಿಫ್ಟಿಗೆ ಹಿಡಿಯದ ಕಲ್ಲನ್ನು ನಾಲ್ಕು ಮಹಡಿ ಹೊತ್ತು ತಂದ
ಗುಲ್‌ಜಮಾನ್, ಇನ್ನಿಬ್ಬರ ಜೊತೆ.
ಅಂಟಿನ ಡಬ್ಬಿಯ ಮುಚ್ಚಳ ತಿರುಚುತ್ತಿದ್ದ. ವಾರಿಜ ಅಂದಳು
ತನ್ನ ಅಡುಗೆಮನೆ ಹಿಂದಿಯಲ್ಲಿ: ಅಂಟು ಬೇಡ.
ಅವನು ನನ್ನ ಮುಖ ನೋಡಿದ. ನಾನು ಅವಳ ಮುಖ ನೋಡಿದೆ.
ಸಂದಿ ಉಳಿಯುತ್ತೆ ಬಾಜಿ, ಇರುವೆ ಬರುತ್ತೆ.
ಬರಲಿ.
ಅಂಟಿಸಿದರೆ ಅದು ಮನೆಯೊಡೆಯನದಾಗುತ್ತೆ.
ಭಾರ ಇದೆಯಲ್ಲ, ಅದೇ ಹಿಡಿದುಕೊಳ್ಳುತ್ತೆ.

ರಬ್ಬರಿನ ನಾಲ್ಕು ತುಂಡು, ಮೇಲೆ ತೊಂಬತ್ತು ಕಿಲೋ.
ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು, ಚಹಾ ಕುಡಿಯುತ್ತ ನಕ್ಕ ಗುಲ್‌ಜಮಾನ್:
ನನ್ನ ಕೋಣೆಯಲ್ಲೂ ಹದಿನೆಂಟು ವರ್ಷವಾಯಿತು,
ಒಂದು ಮೊಳೆ ಹೊಡೆದಿಲ್ಲ.

ಈಗ ರಾತ್ರಿ ಗ್ರೈಂಡರ್ ತಿರುಗುವಾಗ
ಕಲ್ಲು ಕೂದಲೆಳೆಯಷ್ಟು ಜರುಗುತ್ತದೆ.
ಬೆಳಿಗ್ಗೆ ಅವಳು ಸೊಂಟದಿಂದ ನೂಕಿ
ಮತ್ತೆ ಗೋಡೆಗೆ ತಾಗಿಸುತ್ತಾಳೆ,
ದೋಸೆಗೆ ಕಾವಲಿ ಇಡುವ ಮೊದಲು.